ಮದುವೆ ಬೇಡ ಎಂದದ್ದು ಮುಖದ ಕಾರಣಕ್ಕೆ

ಮೊದಲು ಫೋನ್ ಮಾಡಿದ್ದು ತಾಯಿ. "ಮಗಳು ಯಾವ ಸಂಬಂಧಕ್ಕೂ ಒಪ್ಪುತ್ತಿಲ್ಲ ಮೇಡಂ. ಯಾರನ್ನಾದರೂ ಇಷ್ಟಪಟ್ಟಿದ್ದಾಳಾ ಅಂತ ನೀವೇ ಸ್ವಲ್ಪ ಕೇಳಿ" ಎಂದರು. ಆಪ್ತಸಲಹೆಗೆ ಬರುವ ಎಷ್ಟೋ ತೊಂದರೆಗಳು ಹೀಗೆ ಬೇರೆಯದೇ ಹೆಸರು ಹೊತ್ತು ಬರುತ್ತವೆ. ಮಗಳನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ಹೆಸರು, ಊರು, ಕೆಲಸ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು 26. ತುಮಕೂರಿನ ಕಡೆಯವರು. ಪೀಣ್ಯದ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ, ವಿಜಯನಗರದ ಪಿಜಿಯಲ್ಲಿ ವಾಸ, ಸ್ಕೂಟರಿನಲ್ಲಿ ಓಡಾಟ. ಬಂದಾಗ ಮಾಸ್ಕ್ ಹಾಕಿದ್ದರು. ನೀರು ಕೊಟ್ಟರೆ ಆಮೇಲೆ ಕುಡೀತೀನಿ ಎಂದು ಪಕ್ಕಕ್ಕಿಟ್ಟರು. ಮಾತು ಮುಂದುವರಿದ ಮೇಲೆ ತಾವೇ ಹೇಳಿದರು: "ಪ್ರೀತಿ ಗೀತಿ ಏನೂ ಇಲ್ಲ ಮೇಡಂ. ಗಂಡಿನ ಕಡೆಯವರು ನೋಡೋಕೆ ಬರ್ತಾರೆ ಅಂದ್ರೆ ಹೊಟ್ಟೆ ತೊಳೆಸುತ್ತೆ. ಅಮ್ಮ ಎಲ್ಲರಿಗೂ ಕಳಿಸಿರೋ ಫೋಟೊ ಫಿಲ್ಟರ್ ಹಾಕಿದ್ದು. ಬಂದವರು ಈ ಮುಖ ನೋಡಿ ಏನಂದುಕೊಳ್ಳಲ್ಲ?"

ಆಮೇಲೆ ಮಾಸ್ಕ್ ತೆಗೆದರು. ಕೆನ್ನೆ ಎರಡೂ ಕೆಂಪಾಗಿದ್ದವು. ಗಲ್ಲದ ಸುತ್ತ ಮೊಡವೆ. ಕೆನ್ನೆಯ ಮೇಲೆ ಸಣ್ಣ ಕೂದಲು, ಮೂಗಿನ ಪಕ್ಕ ಎಳೆಎಳೆಯಾಗಿ ಕಾಣುವ ರಕ್ತನಾಳ. ಬಿಸಿಲಿಗೆ ಹೋದರೆ ಮೆಣಸಿನಕಾಯಿ ಹಚ್ಚಿದಂತೆ ಉರಿಯುತ್ತದೆ ಎಂದರು.

ಕಥೆ ಶುರುವಾಗಿದ್ದು ಸಾಧಾರಣ ಮೊಡವೆಯಿಂದ. ಬೆಂಗಳೂರಿಗೆ ಬಂದ ಹೊಸದರಲ್ಲಿ ಗಲ್ಲದ ಮೇಲೆ ಮೊಡವೆ ಎದ್ದವು, ಕಪ್ಪು ಕಲೆ ಉಳಿದವು. ಪಿಜಿಯ ರೂಮ್‌ಮೇಟ್ ಒಂದು ಟ್ಯೂಬ್ ಕೊಟ್ಟಳು. ಹಚ್ಚಿದ ಕೆಲವೇ ದಿನಕ್ಕೆ ಮೊಡವೆ ಇಳಿಯಿತು, ಮುಖ ಬೆಳ್ಳಗಾಯಿತು. ಆಫೀಸಿನಲ್ಲಿ ಎಲ್ಲರೂ ಏನು ಹಚ್ತೀಯ ಎಂದು ಕೇಳಿದರು. ಊರಿಗೆ ಹೋದಾಗ ಅಮ್ಮನಿಗೂ ಖುಷಿ. ಆದರೆ ಎರಡು ದಿನ ಬಿಟ್ಟರೆ ಸಾಕು, ಉರಿ, ಕೆಂಪು, ಮೊದಲಿಗಿಂತ ಜಾಸ್ತಿ ಮೊಡವೆ. ಮತ್ತೆ ಹಚ್ಚಿದರೆ ತಣ್ಣಗೆ. ಹೀಗೇ ಎರಡು ವರ್ಷ ಕಳೆದಿತ್ತು. ಈಗ ಹಚ್ಚಿದರೂ ಕೆಂಪು ಹೋಗುತ್ತಿರಲಿಲ್ಲ.

ಮುಂದಿನ ಸಲ ಬರುವಾಗ ಮುಖಕ್ಕೆ ಹಚ್ಚುವುದನ್ನೆಲ್ಲ ಒಂದು ಚೀಲದಲ್ಲಿ ತನ್ನಿ ಎಂದೆ. ಮುಖದ ಚಿಂತೆ ಹೊತ್ತು ಬರುವ ಎಲ್ಲರಿಗೂ ನಾನು ಹೇಳುವುದು ಇದನ್ನೇ. ಏನೇನು ಹಚ್ಚುತ್ತೀರಿ ಎಂದು ಸುಮ್ನೆ ಬಾಯಲ್ಲಿ ಕೇಳಿದರೆ ಅರ್ಧ ಮರೆತುಹೋಗುತ್ತದೆ, ಇನ್ನರ್ಧ ಹೇಳಲು ನಾಚಿಕೆ. ಚೀಲ ತುಂಬಿತ್ತು. ಹರಳು ಹರಳಾದ ಸ್ಕ್ರಬ್, ಗ್ಲೈಕಾಲಿಕ್ ಆಸಿಡ್ ಟೋನರ್, ವಿಟಮಿನ್ ಸಿ ಸೀರಮ್, ನಯಾಸಿನಮೈಡ್, ಬ್ಲೀಚ್ ಪ್ಯಾಕೆಟ್, ಒಂದು ನೈಟ್ ಕ್ರೀಮ್, ಸ್ಟೀಲ್ ಡಬ್ಬಿಯಲ್ಲಿ ಕಡಲೆಹಿಟ್ಟು ಅರಿಶಿನ. ಅದಕ್ಕೆ ನಿಂಬೆರಸ ಹಿಂಡಿ ಹಚ್ಚುತ್ತಿದ್ದರಂತೆ. ಕೊನೆಗೆ ಆ ಟ್ಯೂಬ್.

ಟ್ಯೂಬಿನ ಸಣ್ಣ ಅಕ್ಷರಗಳನ್ನು ಅವರಿಂದಲೇ ಓದಿಸಿದೆ. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೊದಲನೆಯದು ಚರ್ಮದ ಬಣ್ಣದ ಕಣ ತಯಾರಾಗುವುದನ್ನು ತಗ್ಗಿಸುತ್ತದೆ. ಎರಡನೆಯದು ವಿಟಮಿನ್ ಎ ಗುಂಪಿನದು, ಚರ್ಮದ ಮೇಲ್ಪದರ ಬೇಗ ಬೇಗ ಉದುರುವಂತೆ ಮಾಡುತ್ತದೆ. ಮೂರನೆಯದು ಸ್ಟೆರಾಯ್ಡ್. ಈ ಮೂರನ್ನು ಸೇರಿಸಿದ ಕ್ರೀಮನ್ನು ವೈದ್ಯರು ಬಂಗಿಗೆ, ಅಂದರೆ ಮುಖದ ಮೇಲೆ ಬೀಳುವ ಕಂದು ಮಚ್ಚೆಗೆ, ಕೊಡುವುದುಂಟು, ಅದೂ ಕೆಲವು ವಾರಗಳ ಮಟ್ಟಿಗೆ, ತಾವು ನೋಡುತ್ತಾ. ನಮ್ಮಲ್ಲಿ ಅದು ಬೆಳ್ಳಗಾಗುವ ಕ್ರೀಮ್ ಎಂದು ಕೈಯಿಂದ ಕೈಗೆ ಹೋಗುತ್ತದೆ.

ಸ್ಟೆರಾಯ್ಡ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅದಕ್ಕೇ ಮುಖ ಬಿಳಿಚಿದಂತೆ ಕಾಣುತ್ತದೆ. ಉರಿಯೂತ ಅಡಗಿಸುತ್ತದೆ, ಅದಕ್ಕೇ ಮೊಡವೆ ಇಳಿದಂತೆ ಅನಿಸುತ್ತದೆ. ಒಲೆ ಆರಿಸದೆ ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ನಾಳಗಳು ಕಾಣತೊಡಗುತ್ತವೆ, ಕೂದಲು ಬೆಳೆಯುತ್ತದೆ, ಮೊಡವೆಯಂಥ ಗುಳ್ಳೆ ಏಳುತ್ತವೆ. ಬಿಟ್ಟ ಕೂಡಲೇ ಮುಖ ತಿರುಗಿ ಬೀಳುತ್ತದೆ. ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ 'ಟಾಪಿಕಲ್ ಸ್ಟೆರಾಯ್ಡ್ ಡ್ಯಾಮೇಜ್ಡ್ ಫೇಸ್' ಎಂದೇ ಹೆಸರಿಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಸಿಗುತ್ತದೆ, ಅಲ್ವಾ? ನಿಮ್ಮ ಮನೆಯ ಟ್ಯೂಬ್ ತಿರುಗಿಸಿ ನೋಡಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೊಲೋನ್ ಎಂಬ ಹೆಸರಿದ್ದರೆ ಅದು ಸ್ಟೆರಾಯ್ಡ್.

ಸುಮಾ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಲು ಹೊರಟರು. ತಡೆದೆ. ನಾನು ವೈದ್ಯೆ ಅಲ್ಲ. ಇಷ್ಟು ಕಾಲ ಹಚ್ಚಿದ್ದನ್ನು ಹೇಗೆ ನಿಲ್ಲಿಸಬೇಕು ಎಂದು ಚರ್ಮವೈದ್ಯರೇ ಹೇಳಬೇಕು, ಈ ವಾರವೇ ಹೋಗಿ, ಟ್ಯೂಬನ್ನೂ ತೆಗೆದುಕೊಂಡು ಹೋಗಿ ಎಂದೆ. ದುಡ್ಡಿನ ಚಿಂತೆ ಇದ್ದರೆ ಸರ್ಕಾರಿ ಆಸ್ಪತ್ರೆಗಳಾದ ವಿಕ್ಟೋರಿಯಾದಲ್ಲೋ ಶಿವಾಜಿನಗರದ ಬೌರಿಂಗ್‌ನಲ್ಲೋ ಚರ್ಮರೋಗ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು, ಅಷ್ಟೆ. ಖಾಸಗಿಯಾಗಿ ತೋರಿಸುವುದಾದರೆ ಬೋರ್ಡಿನ ಮೇಲೆ 'ಸ್ಕಿನ್ ಕ್ಲಿನಿಕ್' ಎಂದಿದ್ದರೆ ಸಾಲದು. ಒಳಗೆ ಕೂತವರು ಎಂಬಿಬಿಎಸ್ ಮುಗಿಸಿ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರೇ ಎಂದು ಕೇಳಿ. ಕೇಳಿದರೆ ಏನೂ ತಪ್ಪಿಲ್ಲ.

ಮುಟ್ಟು ಏರುಪೇರಾಗುತ್ತಿತ್ತು ಎಂದಿದ್ದರು, ಅದನ್ನೂ ಹೇಳಿ ಎಂದೆ. ಗಲ್ಲದ ಮೊಡವೆ, ಮುಖದ ಕೂದಲು, ಮುಟ್ಟಿನ ತೊಂದರೆ ಮೂರೂ ಸೇರಿದರೆ ಪಿಸಿಓಡಿ (ಹಾರ್ಮೋನು ಏರುಪೇರಿನ ಅಂಡಾಶಯದ ತೊಂದರೆ) ಇದೆಯೇ ಎಂದು ನೋಡುತ್ತಾರೆ. ಪರೀಕ್ಷೆಯಲ್ಲಿ ಅದು ಇರಲಿಲ್ಲ. ವೈದ್ಯರು ಇನ್ನೊಂದು ಸಣ್ಣ ವಿಷಯ ಗಮನಿಸಿದರು. ಹೆಲ್ಮೆಟ್ ಪಟ್ಟಿ ಉಜ್ಜುವ ಜಾಗದಲ್ಲೇ ಮೊಡವೆ ದಟ್ಟವಾಗಿತ್ತು. ಪೀಣ್ಯದ ಧೂಳು, ಬೆವರು, ತೊಳೆಯದ ಪಟ್ಟಿ. ಪಟ್ಟಿ ತೊಳೆಯಲು, ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಲು ಹೇಳಿದರು.

ಸ್ಟೆರಾಯ್ಡ್ ಇಳಿಸುವ ಕ್ರಮವನ್ನು ಬರೆದುಕೊಟ್ಟು, ಮೊದಲ ವಾರಗಳಲ್ಲಿ ಮುಖ ಇನ್ನೂ ಕೆಡುತ್ತದೆ, ಹೆದರಿ ಹಳೇ ಟ್ಯೂಬಿಗೆ ಹೋಗಬೇಡಿ ಎಂದೂ ಹೇಳಿ ಕಳಿಸಿದ್ದರು. ನನ್ನ ಕೆಲಸ ಶುರುವಾಗಿದ್ದು ಇಲ್ಲಿಂದ. ಏಕೆಂದರೆ ಜನ ಬಿಟ್ಟುಕೊಡುವುದೇ ಆ ವಾರಗಳಲ್ಲಿ.

ದಿನಕ್ಕೆ ಎಷ್ಟು ಸಲ ಮುಖ ನೋಡಿಕೊಳ್ಳುತ್ತೀರಿ ಎಂದು ಬರೆದಿಡಲು ಹೇಳಿದ್ದೆ. ಪಿಜಿಯ ಕನ್ನಡಿ, ಸ್ಕೂಟರಿನ ಕನ್ನಡಿ, ಆಫೀಸಿನ ವಾಶ್‌ರೂಮ್, ಲಿಫ್ಟಿನ ಸ್ಟೀಲ್ ಬಾಗಿಲು, ಎಲ್ಲಕ್ಕಿಂತ ಜಾಸ್ತಿ ಫೋನಿನ ಕ್ಯಾಮೆರಾ. ಪಟ್ಟಿ ನೋಡಿ ಅವರೇ ದಂಗಾದರು. ಮೂರು ಮಾತು ಒಪ್ಪಿಕೊಂಡೆವು. ಮುಖ ತೊಳೆಯುವಾಗ, ಕ್ರೀಮ್ ಹಚ್ಚುವಾಗ ಮಾತ್ರ ಕನ್ನಡಿ. ಅದೂ ಒಂದು ತೋಳಿನಷ್ಟು ದೂರದಿಂದ. ಫೋನ್ ಕ್ಯಾಮೆರಾ ಬೇಡ, ವೈದ್ಯರಿಗೆ ತೋರಿಸಲು ವಾರಕ್ಕೊಂದು ಫೋಟೊ ಸಾಕು, ಒಂದೇ ಕಿಟಕಿಯ ಬೆಳಕಿನಲ್ಲಿ. ದಿನಾ ನೋಡಿದರೆ ಬದಲಾವಣೆ ಕಾಣುವುದಿಲ್ಲ. ಮೊಡವೆಯ ಔಷಧಿ ಕೆಲಸ ತೋರಿಸಲೇ 6ರಿಂದ 12 ವಾರ ಬೇಕು.

ಒಂದು ವಿಷಯವನ್ನು ನೇರವಾಗಿ ಕೇಳಿದೆ: ಬದುಕೇ ಬೇಡ ಅನಿಸಿದೆಯಾ? ಇಲ್ಲ ಎಂದರು. ಈ ಪ್ರಶ್ನೆ ಕೇಳದೆ ಬಿಡಬಾರದು. ಬೇರೆಯವರಿಗೆ ಕಾಣದ ಅಥವಾ ಕಂಡೂ ಕಾಣದಂಥ ಕೊರತೆಯ ಬಗ್ಗೆ ದಿನಕ್ಕೆ ಗಂಟೆಗಟ್ಟಲೆ ಕೊರಗುವವರಿಗೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಇರಬಹುದು. ಅವರಿಗೆ ಎಂಥ ಕ್ರೀಮೂ ಸಮಾಧಾನ ಕೊಡುವುದಿಲ್ಲ, ಮನೋವೈದ್ಯರ ಚಿಕಿತ್ಸೆ ಬೇಕು. ಸುಮಾ ಅವರದು ಹಾಗಲ್ಲ. ಮುಖಕ್ಕೆ ನಿಜವಾಗಿಯೂ ಪೆಟ್ಟಾಗಿತ್ತು. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಕೊಟ್ಟೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಚೀಲದಲ್ಲಿದ್ದ ಹೆಚ್ಚಿನವು ಹೊರಗೆ ಹೋದವು. ಅವುಗಳ ಬದಲು ವೈದ್ಯರು ಹೇಳಿದ್ದು ಮೂರು: ಮೃದುವಾದ ಫೇಸ್‌ವಾಶ್, ವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ನನ್ನ ಕೇಳಿದರೆ ಆರೋಗ್ಯವಾದ ಮುಖಕ್ಕೂ ಇಷ್ಟೇ ಸಾಕು. ಹತ್ತು ಹಂತದ ಆರೈಕೆ ಮಾರುವವರಿಗೆ ಒಳ್ಳೆಯದು. ಫೇಸ್‌ವಾಶ್ ದಿನಕ್ಕೆ ಎರಡು ಸಲ, ಅದಕ್ಕಿಂತ ಜಾಸ್ತಿ ಬೇಡ. ಮೈಸೋಪು ಕ್ಷಾರ ಗುಣದ್ದು, ಚರ್ಮ ಸ್ವಲ್ಪ ಆಮ್ಲ ಗುಣದ್ದು, ಹಾಗಾಗಿ ಸೋಪು ಹಾಕಿದ ಮುಖ ಬಿಗಿಯುತ್ತದೆ. ಅವರ ಪಿಜಿಯಲ್ಲಿ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಗಡಸು ನೀರಿಗೆ ಸೋಪು ಸೇರಿದರೆ ಚರ್ಮದ ಮೇಲೆ ಜಿಡ್ಡಿನಂಥ ಪದರ ಉಳಿಯುತ್ತದೆ. ನೊರೆ ಕಡಿಮೆ ಬರುವ ಫೇಸ್‌ವಾಶ್ ಇದಕ್ಕಿಂತ ವಾಸಿ.

ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಎಂದು ಕೇಳಿದರು. ಮೊಡವೆಯ ಔಷಧಿ ಚರ್ಮ ಒಣಗಿಸುತ್ತದೆ, ಒಣಗಿದರೆ ಉರಿ, ಉರಿದರೆ ಔಷಧಿ ಬಿಡುತ್ತಾರೆ. ಜೆಲ್ ರೂಪದ್ದು, ರಂಧ್ರ ಮುಚ್ಚದ್ದು ಎಂದು ಬರೆದಿರುವುದು ತೆಗೆದುಕೊಂಡರೆ ಆಯಿತು.

ಸನ್‌ಸ್ಕ್ರೀನ್ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಭ್ರಮೆ ಇದೆ. ಗಾಳಿ ತಂಪಾಗಿದ್ದರೆ ಬಿಸಿಲು ಕಡಿಮೆ ಎಂದುಕೊಳ್ಳುತ್ತೇವೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೋಡ ಇದ್ದರೂ ನೇರಳಾತೀತ ಕಿರಣ ಬೀಳುತ್ತದೆ. ಎಸ್‌ಪಿಎಫ್ 30 (ಬಿಸಿಲು ತಡೆಯುವ ಶಕ್ತಿಯ ನಂಬರು) ಸುಡುವ ಕಿರಣದಲ್ಲಿ ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ, 50 ಆದರೆ ಸುಮಾರು 98. ಹಾಗಾಗಿ ನಂಬರಿಗಿಂತ ಹಚ್ಚುವ ಅಳತೆ ಮುಖ್ಯ. ಎರಡು ಬೆರಳಿನುದ್ದಕ್ಕೆ ಹಿಂಡಿದಷ್ಟು ಮುಖಕ್ಕೂ ಕುತ್ತಿಗೆಗೂ ಬೇಕು. ಕೆಲವು ಸನ್‌ಸ್ಕ್ರೀನ್ ನಮ್ಮ ಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುತ್ತವೆ. ಸಣ್ಣ ಪ್ಯಾಕ್ ತಂದು ನೋಡಿ ಆಮೇಲೆ ದೊಡ್ಡದು ಕೊಳ್ಳಿ.

ನಿಂಬೆಹಣ್ಣಿನ ಮೇಲೆ ನನಗೆ ಸ್ವಲ್ಪ ಕೋಪವೇ ಇದೆ. ಮನೆಮದ್ದು, ಏನೂ ಆಗಲ್ಲ ಎನ್ನುತ್ತಾರೆ. ಅದರ ರಸ ಚರ್ಮಕ್ಕೆ ತೀರಾ ಹುಳಿ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಕಲೆ ಬೀಳಬಹುದು. ಅದು ಚಿತ್ರಾನ್ನಕ್ಕೆ ಸರಿ. ಕಡಲೆಹಿಟ್ಟು ಆರೋಗ್ಯವಾದ ಚರ್ಮಕ್ಕೆ ಪರವಾಗಿಲ್ಲ, ಕೆರಳಿದ ಮುಖದ ಮೇಲೆ ಉಜ್ಜುವುದು ಬೇಡ. ಮೊಡವೆ ಹಿಂಡುವುದಂತೂ ಬೇಡವೇ ಬೇಡ. ನಮ್ಮ ಬಣ್ಣದ ಚರ್ಮದಲ್ಲಿ ಮೊಡವೆ ಹೋದರೂ ಕಲೆ ತಿಂಗಳುಗಟ್ಟಲೆ ಕೂರುತ್ತದೆ.

ಮಗಳು ಒಪ್ಪಿದ ಮೇಲೆ ತಾಯಿಯನ್ನೂ ಕರೆದೆ. ಪ್ರೀತಿಯ ವಿಚಾರ ಅಲ್ಲ ಎಂದು ತಿಳಿದು ಅವರಿಗೆ ಅರ್ಧ ನೆಮ್ಮದಿ, ಅರ್ಧ ಗಾಬರಿ. "ನಾನೇನು ಕೆಟ್ಟದ್ದು ಬಯಸಿದ್ನಾ ಮೇಡಂ? ಬ್ರೋಕರ್ ಬಂದು ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಡಿಮೆ ಅಂದ್ರು. ನಮ್ಮತ್ತೆ ನನ್ನನ್ನ ಎಷ್ಟು ಆಡಿಕೊಂಡ್ರು ಅಂತ ನನಗೆ ಗೊತ್ತು. ಅವಳಿಗೆ ಅದು ಬೇಡ ಅಂತ."

ಈ ಮಾತಿಗೆ ಉಪನ್ಯಾಸ ಕೊಟ್ಟರೆ ಪ್ರಯೋಜನವಿಲ್ಲ. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆಯಿತು, ಬ್ರೋಕರ್ ಬಾಯಿಂದ ಅದು ಇನ್ನೂ ಹೋಗಿಲ್ಲ. ಎರಡು ಕೆಲಸ ಮಾತ್ರ ಕೇಳಿದೆ. ಫಿಲ್ಟರ್ ಹಾಕಿದ ಫೋಟೊ ಕಳಿಸುವುದು ನಿಲ್ಲಿಸಿ. ಚಿಕಿತ್ಸೆ ಒಂದು ಹಂತಕ್ಕೆ ಬರುವವರೆಗೆ ಯಾರನ್ನೂ ಮನೆಗೆ ಕರೆಯಬೇಡಿ. ಸುಮಾ ಪಕ್ಕದಿಂದ ಹೇಳಿದರು, "ಮುಖ ಹೇಗಿದೆ ಅಂತ ಫೋನಿನಲ್ಲಿ ಮೊದಲ ಮಾತೇ ಅದು ಕೇಳ್ತೀಯಲ್ಲಮ್ಮ, ಊಟ ಆಯ್ತಾ ಅಂತ ಕೇಳು." ತಾಯಿ ತಲೆಯಾಡಿಸಿದರು.

ಮಾತಾಡುವಾಗ ತಾಯಿಯ ಕೆನ್ನೆಯ ಮೇಲೂ ಕಂದು ಮಚ್ಚೆ, ಅದರ ಸುತ್ತ ಅದೇ ಕೆಂಪು ಕಂಡಿತು. ಬಂಗು ಎಂದರು. ಮಗಳು ಊರಿಗೆ ಬಂದಾಗಲೆಲ್ಲ ಆ ಟ್ಯೂಬಿನಿಂದ ಸ್ವಲ್ಪ ಹಚ್ಚಿಕೊಳ್ಳುತ್ತಿದ್ದರಂತೆ, ಆಮೇಲೆ ತಾವೂ ಒಂದು ತರಿಸಿಕೊಂಡರಂತೆ. ಬಂಗಿಗೆ ಹಾರ್ಮೋನು, ಬಿಸಿಲು, ವಂಶ ಎಲ್ಲ ಸೇರಿ ಕಾರಣ. ಕಾಣುವ ಬೆಳಕಿಗೂ ಅದು ಗಾಢವಾಗುತ್ತದೆ, ಅದಕ್ಕೇ ವೈದ್ಯರು ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಹೇಳುತ್ತಾರೆ. ಮಗಳು ತೋರಿಸಿದ ವೈದ್ಯರಲ್ಲೇ ತಾಯಿಗೂ ಚೀಟಿ ಮಾಡಿಸಿದೆವು.

ಮೊದಲ ತಿಂಗಳು ಕಷ್ಟವೇ ಆಯಿತು. ಒಂದು ರಾತ್ರಿ ಸುಮಾ ಮೆಡಿಕಲ್ ಶಾಪ್ ತನಕ ಹೋಗಿ ಬಂದೆ ಎಂದು ಹೇಳಿದರು, ಆದರೆ ಕೊಳ್ಳಲಿಲ್ಲ. ಈಗ ಉರಿ ಇಲ್ಲ, ಗುಳ್ಳೆ ತುಂಬಾ ಇಳಿದಿವೆ. ಮೂಗಿನ ಪಕ್ಕದ ನಾಳಗಳು ಹಾಗೇ ಇವೆ. ಅವಕ್ಕೆ ಬೇಕಾದರೆ ಮುಂದೆ ಲೇಸರ್ ನೋಡೋಣ ಎಂದಿದ್ದಾರಂತೆ. ಆಫೀಸಿನಲ್ಲಿ ಊಟಕ್ಕೆ ಎಲ್ಲರ ಜೊತೆ ಕೂರುತ್ತಾರೆ, ಮಾಸ್ಕ್ ಇಲ್ಲದೆ. ಮೊಡವೆಗೆ ಈಗ ವೈದ್ಯರು ವಿಟಮಿನ್ ಎ ಗುಂಪಿನ ಇನ್ನೊಂದು ಔಷಧಿ ಬರೆದಿದ್ದಾರೆ. ಅದು ಗರ್ಭಿಣಿಯರಿಗೆ ಆಗುವುದಿಲ್ಲ. ಮದುವೆ ಗೊತ್ತಾದರೆ ಮೊದಲೇ ಬಂದು ಹೇಳಬೇಕು ಎಂದು ಎಚ್ಚರಿಸಿದ್ದಾರೆ. ಅದನ್ನು ತಾಯಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದಾರೆ.