ಕ್ವಾರಿ, ಕಸ, ಮಣ್ಣಿನ ರಾಶಿ: ಇಂಗ್ಲೆಂಡಿನಲ್ಲಿ ಯಾರನ್ನು ಕೇಳಬೇಕು?

ಇಂಗ್ಲೆಂಡಿನ ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ಮನೆ ಮಾಡಿಕೊಂಡಿರುವ ಓದುಗರಿಂದ ಕಲ್ಲುಗಣಿ ಮತ್ತು ಕಸ ಸುರಿಯುವ ಜಾಗಗಳ ಬಗ್ಗೆ ಪತ್ರಗಳು ಬಂದಿವೆ. ಕೆಲವಕ್ಕೆ ಈ ಸಲದ ಅಂಕಣದಲ್ಲಿ ಉತ್ತರ. ಇಲ್ಲಿರುವುದು ಇಂಗ್ಲೆಂಡಿನ ಕಾನೂನು; ವೇಲ್ಸ್, ಸ್ಕಾಟ್ಲೆಂಡ್‌ನಲ್ಲಿ ನಿಯಮ ಬೇರೆ.

ಪ್ರಶ್ನೆ: ನಮ್ಮ ಊರಿನ ಗ್ರಾನೈಟ್ ಕ್ವಾರಿಯಿಂದ ಬೆಳಿಗ್ಗೆ ಐದೂವರೆಗೇ ಲಾರಿಗಳು ಹೊರಡುತ್ತವೆ. ಏಳಕ್ಕೆ ಮೊದಲು ಬಿಡುವಂತಿಲ್ಲ ಎಂದು ಊರವರು ಹೇಳುತ್ತಾರೆ. ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ಬರೆದರೆ “ನಮಗೆ ಸಂಬಂಧವಿಲ್ಲ” ಎಂದರು. ಮುಂದೇನು?

ಡಿಸ್ಟ್ರಿಕ್ಟ್ ಕೌನ್ಸಿಲ್ ಹೇಳಿದ್ದು ಸರಿ. ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂದು ಎರಡು ಹಂತದ ಆಡಳಿತ ಇರುವ ಕಡೆ ಖನಿಜ ಮತ್ತು ಕಸಕ್ಕೆ ಸಂಬಂಧಿಸಿದ ಪ್ಲಾನಿಂಗ್ (ಜಮೀನನ್ನು ಯಾವುದಕ್ಕೆ ಬಳಸಬಹುದೆಂಬ ಅನುಮತಿ) ಕೌಂಟಿ ಕೌನ್ಸಿಲ್ ಕೈಯಲ್ಲಿದೆ. ಒಂದೇ ಹಂತದ ಯೂನಿಟರಿ ಕೌನ್ಸಿಲ್ ಇದ್ದರೆ ಎಲ್ಲವೂ ಅಲ್ಲೇ. ನ್ಯಾಷನಲ್ ಪಾರ್ಕ್ ಒಳಗಿದ್ದರೆ ಪಾರ್ಕಿನ ಪ್ರಾಧಿಕಾರಕ್ಕೆ ಬರೆಯಬೇಕು.

ದೂರು ಬರೆಯುವ ಮೊದಲು ಕೌಂಟಿಯ ಪ್ಲಾನಿಂಗ್ ರಿಜಿಸ್ಟರ್‌ನಲ್ಲಿ ಆ ಕ್ವಾರಿಯ ಅನುಮತಿ ಪತ್ರ ಹುಡುಕಿ, ಷರತ್ತುಗಳನ್ನು ಪದಪದವಾಗಿ ಓದಿ. ಬಹಳಷ್ಟು ದೂರುಗಳು ಮುಗ್ಗರಿಸುವುದು ಇಲ್ಲೇ. “ಏಳಕ್ಕೆ ಮೊದಲು ಕಲ್ಲು ಒಡೆಯುವ, ಪುಡಿ ಮಾಡುವ ಕೆಲಸ ನಡೆಯಬಾರದು” ಎಂದಷ್ಟೇ ಇದ್ದರೆ, ರಾತ್ರಿಯೇ ತುಂಬಿಸಿಟ್ಟ ಲಾರಿ ಐದೂವರೆಗೆ ಹೊರಟರೂ ಷರತ್ತು ಮುರಿದಂತಲ್ಲ. “ಭಾರಿ ವಾಹನ ಒಳಗೆ ಬರಬಾರದು, ಹೊರಗೆ ಹೋಗಬಾರದು” ಎಂದಿದ್ದರೆ ಮಾತ್ರ ನಿಮ್ಮ ದೂರು ಗಟ್ಟಿ. ನಂತರದ ಅರ್ಜಿಗಳಲ್ಲಿ ಸಮಯ ಬದಲಾಗಿರುವುದೂ ಉಂಟು. ಹಾಗಾಗಿ ಮೂಲ ಅನುಮತಿ ಒಂದನ್ನೇ ನೋಡಿ ಕೂರಬೇಡಿ.

ಆಮೇಲೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ದಿನಾಂಕ, ಗಡಿಯಾರದ ಸಮಯ, ಲಾರಿಯ ನಂಬರ್, ಒಳಗೆ ಹೋಯಿತೋ ಹೊರಗೆ ಬಂತೋ, ಲೋಡು ಇತ್ತೋ ಖಾಲಿಯೋ. ಸಾಧ್ಯವಾದರೆ ಗೇಟು ಕಾಣುವ ಹಾಗೆ, ಸಮಯ ನಮೂದಾಗಿರುವ ಫೋಟೊ. “ದಿನಾ ಬೆಳಗಾಗುವ ಮುಂಚೆ ಗಲಾಟೆ” ಎಂಬ ವಾಕ್ಯದಿಂದ ಅಧಿಕಾರಿಗೆ ಏನೂ ಮಾಡಲಾಗದು, “ಮಂಗಳವಾರ 5.40, ಲೋಡಾದ ಎಂಟು ಚಕ್ರದ ಟಿಪ್ಪರ್, ಎಡಕ್ಕೆ ತಿರುಗಿತು” ಎಂಬ ಸಾಲು ಹಿಡಿದು ಆತ ಕ್ವಾರಿಯಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ನ ಚೀಟಿಗಳೊಂದಿಗೆ ತಾಳೆ ನೋಡಬಲ್ಲ. ಚೀಟಿಯ ಮೇಲೆ ಸಮಯ ಅಚ್ಚಾಗಿರುತ್ತದೆ.

ಚಾಲ್ತಿಯಲ್ಲಿರುವ ಕ್ವಾರಿ ಅಥವಾ ಲ್ಯಾಂಡ್‌ಫಿಲ್‌ಗೆ (ಕಸ ಸುರಿಯುವ ಜಾಗಕ್ಕೆ) ಕೌನ್ಸಿಲ್ ವರ್ಷಕ್ಕೆ ಎಂಟು ಸಲದವರೆಗೆ ಶುಲ್ಕ ಪಡೆದು ತಪಾಸಣೆ ಮಾಡಬಹುದು. ಕೆಲಸ ನಿಂತಿರುವ ಜಾಗಕ್ಕೆ ಒಂದು ಸಲ. ಮೊದಲ ತಪ್ಪಿಗೆ ಸಾಮಾನ್ಯವಾಗಿ ಎಚ್ಚರಿಕೆಯ ಪತ್ರ. ತಪ್ಪು ಮರುಕಳಿಸಿದರೆ ಬ್ರೀಚ್ ಆಫ್ ಕಂಡಿಷನ್ (ಷರತ್ತು ಮುರಿದದ್ದಕ್ಕೆ ಕೊಡುವ) ನೋಟಿಸ್. ಸರಿಪಡಿಸಲು ಕನಿಷ್ಠ 28 ದಿನ ಕೊಡಬೇಕು. ಈ ನೋಟಿಸ್ ವಿರುದ್ಧ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ (ಪ್ಲಾನಿಂಗ್ ತಕರಾರು ಕೇಳುವ ಸರ್ಕಾರಿ ಸಂಸ್ಥೆ) ಮೇಲ್ಮನವಿ ಇಲ್ಲ. ಪಾಲಿಸದಿದ್ದರೆ ಮೊಕದ್ದಮೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಲಾರಿ ಸಮಯದಂಥ ಸ್ಪಷ್ಟ ಷರತ್ತಿಗೆ ಇದಕ್ಕಿಂತ ಒಳ್ಳೆಯ ಆಯುಧವಿಲ್ಲ. ಆದರೆ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಬೇಕು, ಆಗ ನಿಮ್ಮ ಪುಸ್ತಕವೇ ಸಾಕ್ಷಿ.

ಒಂದು ತೊಡಕು: ಗೇಟಿನ ಹೊರಗೆ ಸಾರ್ವಜನಿಕ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತರೆ ಕ್ವಾರಿಯ ಷರತ್ತು ಅಲ್ಲಿಗೆ ಮುಟ್ಟುವುದು ಕಡಿಮೆ. ಯಾವ ದಾರಿಯಲ್ಲಿ ಹೋಗಬೇಕೆಂಬುದು ಹೆಚ್ಚಾಗಿ ಸೆಕ್ಷನ್ 106 ಒಪ್ಪಂದದಲ್ಲಿ, ಅಂದರೆ ಅನುಮತಿಯ ಜೊತೆಗೆ ಕೌನ್ಸಿಲ್‌ನೊಂದಿಗೆ ಮಾಡಿಕೊಂಡ ಕಾನೂನು ಒಪ್ಪಂದದಲ್ಲಿ, ಇರುತ್ತದೆ. ಅದನ್ನು ಮುರಿದರೆ ಷರತ್ತಿನ ನೋಟಿಸ್ ನಡೆಯದು, ಕೌನ್ಸಿಲ್ ಕೋರ್ಟಿನಿಂದ ತಡೆಯಾಜ್ಞೆ ತರಬೇಕು. ದೂರಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ.

ಪ್ರಶ್ನೆ: ಪಕ್ಕದ ಹೊಲಕ್ಕೆ ದಿನಕ್ಕೆ ಮೂವತ್ತು ನಲವತ್ತು ಟಿಪ್ಪರ್ ಮಣ್ಣು ಬರುತ್ತಿದೆ. ಕೇಳಿದರೆ “ಕುದುರೆಗಾಗಿ ನೆಲ ಮಟ್ಟ ಮಾಡುತ್ತಿದ್ದೇವೆ, ಎನ್ವಿರಾನ್‌ಮೆಂಟ್ ಏಜೆನ್ಸಿಯಿಂದ ವಿನಾಯಿತಿ ಇದೆ” ಎನ್ನುತ್ತಾರೆ.

ತಡಮಾಡಬೇಡಿ, ಇವತ್ತೇ ಕೌಂಟಿಗೆ ಫೋನ್ ಮಾಡಿ. ಇಂಥ ಪ್ರಕರಣಗಳಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಮೊದಲ ವಾರದಲ್ಲಿ.

ಲೆಕ್ಕ ಹಾಕಿ ನೋಡಿ. ಎಂಟು ಚಕ್ರದ ಟಿಪ್ಪರ್ ಒಂದು ಸಲಕ್ಕೆ ಸುಮಾರು 18ರಿಂದ 20 ಟನ್ ಹೊರುತ್ತದೆ. ನಲವತ್ತು ಲೋಡು ಎಂದರೆ ಹತ್ತಿರ ಹತ್ತಿರ 800 ಟನ್. ನಿರ್ಮಾಣಕ್ಕೆ ಕಸದ ಮಣ್ಣು, ಕಲ್ಲು ಬಳಸುವ ಯು1 ವಿನಾಯಿತಿಯ ಮಿತಿ 1,000 ಟನ್. ಎರಡನೆಯ ದಿನವೇ ಅದು ಮುಗಿದಿರುತ್ತದೆ. ಇನ್ನೊಂದು, ಏಜೆನ್ಸಿಯ ವಿನಾಯಿತಿ ಎಂದರೆ ಕಸ ಬಳಸಲು ಅದು ಕೊಡುವ ಪರಿಸರ ಪರ್ಮಿಟ್ ಬೇಡ ಎಂದಷ್ಟೇ. ಪ್ಲಾನಿಂಗ್ ಅನುಮತಿ ಬೇಡ ಎಂದು ಅದರ ಅರ್ಥವಲ್ಲ. ರೈತರಿಗೆ ಅನುಮತಿಯಿಲ್ಲದೆ ಕೆಲ ಕೆಲಸ ಮಾಡುವ ಹಕ್ಕಿದ್ದರೂ, ಹೊರಗಿನ ಕಸದ ವಸ್ತು ತಂದು ನೆಲ ಎತ್ತರಿಸಲು ಆ ಹಕ್ಕು ಬರುವುದಿಲ್ಲ.

ಈ ದಂಧೆಯ ಹಿಂದಿನ ಹಣವೂ ತಿಳಿದಿರಲಿ. 2025-26ರಲ್ಲಿ ಲ್ಯಾಂಡ್‌ಫಿಲ್ ತೆರಿಗೆ ಸಾಮಾನ್ಯ ಕಸಕ್ಕೆ ಟನ್‌ಗೆ 126.15 ಪೌಂಡ್, ಶುದ್ಧ ಮಣ್ಣು ಕಲ್ಲಿಗೆ 4.05 ಪೌಂಡ್ ಇತ್ತು. ಇಟ್ಟಿಗೆ, ಪ್ಲಾಸ್ಟಿಕ್, ಮರದ ಚೂರು ಬೆರೆತದ್ದನ್ನು “ಮಣ್ಣು” ಎಂದು ಹೊಲಕ್ಕೆ ಸುರಿದರೆ ಪ್ರತಿ ಟನ್‌ಗೂ ಅಷ್ಟು ಉಳಿತಾಯ. 2018ರ ಏಪ್ರಿಲ್‌ನಿಂದ ಅನಧಿಕೃತ ಜಾಗದಲ್ಲಿ ಸುರಿದದ್ದಕ್ಕೂ ಈ ತೆರಿಗೆ ಅನ್ವಯಿಸುತ್ತದೆ. ಆದ್ದರಿಂದ ಒಳಗೆ ಏನು ಬೆರೆತಿದೆ ಎಂಬುದರ ಫೋಟೊ ರಸ್ತೆಯಿಂದಲೇ ತೆಗೆಯಿರಿ, ಹೊಲದೊಳಗೆ ಕಾಲಿಡಬೇಡಿ.

ಕೌನ್ಸಿಲ್ ಬಳಿ ಇರುವ ಅಸ್ತ್ರಗಳಲ್ಲಿ ಮೊದಲನೆಯದು ಟೆಂಪರರಿ ಸ್ಟಾಪ್ ನೋಟಿಸ್ (ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಆದೇಶ). ಜಾಗದಲ್ಲಿ ಅಂಟಿಸಿದ ಕ್ಷಣದಿಂದ ಜಾರಿ. 2024ರ ಏಪ್ರಿಲ್ 25ರಿಂದ ಇದರ ಆಯುಷ್ಯ 28 ದಿನದಿಂದ 56 ದಿನಕ್ಕೆ ಏರಿದೆ. ಜೊತೆಗೇ ಪ್ಲಾನಿಂಗ್ ಕಾಂಟ್ರಾವೆನ್ಷನ್ ನೋಟಿಸ್: ಮಣ್ಣು ಯಾರದು, ಎಲ್ಲಿಂದ, ಎಷ್ಟು ಲೋಡು, ಯಾರಿಗೆ ಹಣ ಹೋಯಿತು ಎಂಬ ಪ್ರಶ್ನೆಗಳಿಗೆ 21 ದಿನದೊಳಗೆ ಉತ್ತರಿಸಬೇಕು. ಉತ್ತರಿಸದಿದ್ದರೆ ಅಪರಾಧ, ಸುಳ್ಳು ಹೇಳಿದರೆ ಇನ್ನೂ ದೊಡ್ಡ ಅಪರಾಧ. ಆ 56 ದಿನಗಳೊಳಗೆ ಎನ್‌ಫೋರ್ಸ್‌ಮೆಂಟ್ ನೋಟಿಸ್ (ತಪ್ಪು ನಿಲ್ಲಿಸಿ ಸರಿಪಡಿಸಿ ಎಂಬ ಆದೇಶ) ಸಿದ್ಧವಾಗಬೇಕು. ಅದು ತಲುಪಿಸಿ ಕನಿಷ್ಠ 28 ದಿನದ ನಂತರವೇ ಜಾರಿಗೆ ಬರುವುದು. ಅಷ್ಟರಲ್ಲಿ ಮೇಲ್ಮನವಿ ಹೋದರೆ, ತೀರ್ಪಿನವರೆಗೆ ನೋಟಿಸ್ ಅಮಾನತು. ಆ ಅವಧಿಯಲ್ಲಿ ಸುರಿಯುವುದು ಮುಂದುವರಿಯದಿರಲು ಪ್ರತ್ಯೇಕ ಸ್ಟಾಪ್ ನೋಟಿಸ್ ಬೇಕು. ನೋಟಿಸ್ ಬಿದ್ದುಹೋದರೆ ಪರಿಹಾರ ಕೊಡಬೇಕಾದೀತು ಎಂದು ಕೆಲ ಕೌನ್ಸಿಲ್‌ಗಳು ಇದಕ್ಕೆ ಹಿಂಜರಿಯುತ್ತವೆ. ಸಾವಿರಾರು ಟನ್ ಬಿದ್ದ ಮೇಲೆ ಹಿಂಜರಿದು ಪ್ರಯೋಜನವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಏಕೆಂದರೆ ಬಿದ್ದ ಮಣ್ಣನ್ನು ವಾಪಸ್ ಕಳಿಸಬೇಕಾದರೆ ಅಷ್ಟೇ ಲಾರಿಗಳು ಮತ್ತೆ ನಿಮ್ಮ ಬೀದಿಯಲ್ಲೇ ಓಡಬೇಕು. ಹೀಗಾಗಿ ಕೆಲವೊಮ್ಮೆ ಮೇಲ್ಮನವಿ ಕೇಳುವ ಇನ್‌ಸ್ಪೆಕ್ಟರ್ “ಇಳಿಜಾರು ತಗ್ಗಿಸಿ, ಮೇಲ್ಮಣ್ಣು ಹರಡಿ, ಹುಲ್ಲು ಬಿತ್ತಿ” ಎಂಬಲ್ಲಿಗೆ ನಿಲ್ಲಿಸುವುದುಂಟು. ಹೊಲದ ಹಳೆಯ ಮಟ್ಟ ತೋರಿಸುವ ನಿಮ್ಮ ಹಳೇ ಫೋಟೊಗಳಿದ್ದರೆ ಕೌನ್ಸಿಲ್‌ಗೆ ಕೊಡಿ. ಎಷ್ಟು ತೆಗೆಯಬೇಕು ಎಂದು ನೋಟಿಸ್‌ನಲ್ಲಿ ಖಚಿತವಾಗಿ ಬರೆಯಲು ಅದು ಬೇಕು.

ಪ್ರಶ್ನೆ: ಆ ಹೊಲವನ್ನೇ ಕೊಂಡುಕೊಳ್ಳುವ ಮಾತುಕತೆ ನಡೆದಿದೆ. ತಪ್ಪು ಹಳೆಯ ಮಾಲೀಕರದ್ದಲ್ಲವೇ?

ಎನ್‌ಫೋರ್ಸ್‌ಮೆಂಟ್ ನೋಟಿಸ್ ಜಮೀನಿಗೆ ಅಂಟಿಕೊಂಡಿರುತ್ತದೆ. ಕೊಂಡ ದಿನದಿಂದ ಅದನ್ನು ಪಾಲಿಸುವ ಹೊಣೆ ನಿಮ್ಮದು. ಸಹಿ ಹಾಕುವ ಮೊದಲು ಕೌನ್ಸಿಲ್‌ನ ಎನ್‌ಫೋರ್ಸ್‌ಮೆಂಟ್ ರಿಜಿಸ್ಟರ್ ನೋಡಲು ಸಾಲಿಸಿಟರ್‌ಗೆ ಹೇಳಿ. ಕೌಂಟಿ, ಡಿಸ್ಟ್ರಿಕ್ಟ್ ಎರಡನ್ನೂ ಕೇಳಬೇಕು.

ಪ್ರಶ್ನೆ: ಲ್ಯಾಂಡ್‌ಫಿಲ್‌ನಿಂದ ದುರ್ವಾಸನೆ, ನೊಣ. ಕೌಂಟಿಯವರು ಕೈಚೆಲ್ಲಿದ್ದಾರೆ.

ವಾಸನೆ, ಅನಿಲ, ಹೊಲಸು ನೀರು ಪರ್ಮಿಟ್‌ನ ವಿಷಯ, ಅಂದರೆ ಎನ್ವಿರಾನ್‌ಮೆಂಟ್ ಏಜೆನ್ಸಿಯದು. ರಾಶಿಯ ಎತ್ತರ, ಕೆಲಸದ ವೇಳೆ, ಲಾರಿಗಳ ಸಂಖ್ಯೆ, ಕೊನೆಗೆ ಜಾಗವನ್ನು ಹಸಿರು ಮಾಡುವುದು ಕೌಂಟಿಯದು. ವಾಸನೆ ಬಂದಾಗಲೇ ಏಜೆನ್ಸಿಗೆ ಫೋನ್ ಮಾಡಿ, ಗಾಳಿ ಯಾವ ದಿಕ್ಕಿನಿಂದ ಎಂದು ಹೇಳಿ.

ಪ್ರಶ್ನೆ: ಕ್ವಾರಿಯಲ್ಲಿ ಸಿಡಿಮದ್ದು ಹಾರಿಸಿದಾಗ ಕಿಟಕಿ ಗಡಗಡ ಎನ್ನುತ್ತದೆ. ಗೋಡೆ ಬಿರುಕು ಬಿಟ್ಟೀತೆ?

ಕಿಟಕಿ ಅದುರುವುದು ಬಹುಪಾಲು ಗಾಳಿಯಲ್ಲಿ ಬರುವ ಒತ್ತಡದ ಅಲೆಯಿಂದ. ನೆಲದ ಕಂಪನ ಬೇರೆ. ನೆಲದ ಕಂಪನವನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಅಳೆಯುತ್ತಾರೆ. ಮನೆಗಳ ಬಳಿ 95 ಶೇಕಡಾ ಸ್ಫೋಟಗಳು 6 ಮಿಲಿಮೀಟರ್ ಮೀರಬಾರದು ಎಂಬಂಥ ಷರತ್ತು ಸಾಮಾನ್ಯ. ವಾಸದ ಮನೆಗಳ ಗಾರೆಯಲ್ಲಿ ಕೂದಲೆಳೆ ಬಿರುಕು ಬರಲು ಬ್ರಿಟಿಷ್ ಮಾನದಂಡದ ಪ್ರಕಾರ 4 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ನಾಲ್ಕು ಸಲ ಅದುರುವಾಗ) 15 ಮಿಲಿಮೀಟರ್ ದಾಟಬೇಕು. ಬಿರುಕಿಗೆ ಬೇರೆ ಕಾರಣವೂ ಇದ್ದೀತು. ಜೇಡಿ ನೆಲ ಬೇಸಿಗೆಯಲ್ಲಿ ಕುಗ್ಗುವುದೇ ಒಂದು. ನಿಮ್ಮ ಮನೆ ಹತ್ತಿರ ಅಳೆಯುವ ಯಂತ್ರ ಇಡಿ ಎಂದು ಕೌಂಟಿ ಮೂಲಕ ಕೇಳಿ, ಸ್ಫೋಟದ ದಾಖಲೆ ತರಿಸಿ, ನಿಮ್ಮ ಸಮಯದ ಟಿಪ್ಪಣಿಯೊಂದಿಗೆ ಹೋಲಿಸಿ.

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ): ನಮ್ಮಲ್ಲಿ ಕಲ್ಲುಗಣಿ ಗುತ್ತಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆ ಕೊಡುತ್ತದೆ. ಅಲ್ಲಿ ಕೌನ್ಸಿಲ್ ಏಕೆ? ಐವತ್ತರ ದಶಕದ ಅನುಮತಿ ಹಿಡಿದು ಈಗಲೂ ಅಗೆಯಬಹುದಂತೆ, ನಿಜವೇ?

ಅಲ್ಲಿ ಜಲ್ಲಿ, ಮರಳು, ಸುಣ್ಣಕಲ್ಲು ಸಾಮಾನ್ಯವಾಗಿ ಜಮೀನುದಾರನ ಸೊತ್ತು. ಚಿನ್ನ, ಬೆಳ್ಳಿ, ತೈಲ, ಕಲ್ಲಿದ್ದಲಿನ ಮಾತು ಬೇರೆ. ಸರ್ಕಾರ ಗುತ್ತಿಗೆ ಕೊಡುವ ಪ್ರಶ್ನೆ ಇಲ್ಲದ್ದರಿಂದ ಲಗಾಮು ಇರುವುದು ಪ್ಲಾನಿಂಗ್‌ನಲ್ಲಿ.

ಹಳೆಯ ಅನುಮತಿಯ ವಿಚಾರ ನಿಜ. 1982ರ ಫೆಬ್ರವರಿ 22ಕ್ಕೆ ಮೊದಲು ಕೊಟ್ಟ, ಕೊನೆಯ ದಿನಾಂಕವಿಲ್ಲದ ಖನಿಜ ಅನುಮತಿಗಳು 2042ರ ಫೆಬ್ರವರಿವರೆಗೆ ಬದುಕಿರುತ್ತವೆ. 1995ರ ಪರಿಸರ ಕಾಯ್ದೆಯಡಿ ಅವುಗಳ ಷರತ್ತುಗಳನ್ನು ಹೊಸದಾಗಿ ಬರೆಯುವ ವ್ಯವಸ್ಥೆ ಬಂತು. ಮಲಗಿದ್ದ ಕ್ವಾರಿ ಹೊಸ ಷರತ್ತು ಒಪ್ಪಿಗೆಯಾಗದೆ ಏಳುವಂತಿಲ್ಲ.

ಇದಕ್ಕೆ ಪೀಕ್ ಡಿಸ್ಟ್ರಿಕ್ಟ್‌ನ ಲಾಂಗ್‌ಸ್ಟೋನ್ ಎಡ್ಜ್‌ನಲ್ಲಿರುವ ಬ್ಯಾಕ್‌ಡೇಲ್ ಕ್ವಾರಿ ಒಳ್ಳೆಯ ಉದಾಹರಣೆ. 1952ರ ಅನುಮತಿ ಇದ್ದದ್ದು ಫ್ಲೋರ್‌ಸ್ಪಾರ್, ಬೆರೈಟ್ಸ್ ತೆಗೆಯಲು, ಮತ್ತು ಅವನ್ನು ತೆಗೆಯುವಾಗ ಸಿಗುವ ಇತರ ಖನಿಜಕ್ಕೆ. ಆದರೆ ಅಲ್ಲಿಂದ ಹೊರಟದ್ದು ಹೆಚ್ಚಾಗಿ ಸುಣ್ಣಕಲ್ಲು. ಪಾರ್ಕ್ ಪ್ರಾಧಿಕಾರ 2004ರಲ್ಲಿ ಎನ್‌ಫೋರ್ಸ್‌ಮೆಂಟ್ ನೋಟಿಸ್ ಕೊಟ್ಟಿತು. ಇನ್‌ಸ್ಪೆಕ್ಟರ್ ಎತ್ತಿಹಿಡಿದರು, ಹೈಕೋರ್ಟ್ ಅವರ ತೀರ್ಪನ್ನು ಬದಿಗೆ ಸರಿಸಿತು, 2009ರಲ್ಲಿ ಕೋರ್ಟ್ ಆಫ್ ಅಪೀಲ್ ಪ್ರಾಧಿಕಾರದ ಪರ ತೀರ್ಪಿತ್ತಿತು. ಜಗಳ ಇದ್ದದ್ದು ಅನುಮತಿಯ ಒಂದೇ ವಾಕ್ಯದ ಅರ್ಥದ ಮೇಲೆ. ಅದು ಮುಗಿಯಲು ಐದು ವರ್ಷ ಹಿಡಿಯಿತು.

ಪ್ರಶ್ನೆ: ಎಲ್ಲ ಸಾಕ್ಷಿ ಕೊಟ್ಟರೂ ಕೌಂಟಿ ಕ್ರಮ ಕೈಗೊಳ್ಳಲಿಲ್ಲ.

ಕ್ರಮ ಕೈಗೊಳ್ಳುವುದು ಕೌನ್ಸಿಲ್‌ನ ವಿವೇಚನೆ. ಆದರೆ ಕಾರಣ ಬರೆದುಕೊಡಿ ಎಂದು ಕೇಳಿ. ಅವರದೇ ಎನ್‌ಫೋರ್ಸ್‌ಮೆಂಟ್ ಪ್ಲಾನ್‌ನಲ್ಲಿ ಎಷ್ಟು ದಿನದಲ್ಲಿ ಜಾಗಕ್ಕೆ ಭೇಟಿ ಎಂದು ಬರೆದಿರುತ್ತದೆ, ಅದನ್ನು ತೋರಿಸಿ. ಕೌನ್ಸಿಲ್‌ನ ಒಳಗಿನ ದೂರು ಪ್ರಕ್ರಿಯೆ ಮುಗಿದ ಮೇಲೆ ಸ್ಥಳೀಯ ಸರ್ಕಾರದ ಓಂಬುಡ್ಸ್‌ಮನ್ ಬಳಿ ಹೋಗಬಹುದು. ವಿಷಯ ನಿಮಗೆ ತಿಳಿದ 12 ತಿಂಗಳೊಳಗೆ. ಅವರು ನೋಡುವುದು ಕೌನ್ಸಿಲ್ ತೀರ್ಮಾನಕ್ಕೆ ಬಂದ ರೀತಿಯನ್ನು, ತೀರ್ಮಾನವನ್ನಲ್ಲ. ಹಾಗಾಗಿ “ಮೂರು ಇಮೇಲ್‌ಗೆ ಉತ್ತರವಿಲ್ಲ, ಭೇಟಿಯೇ ಕೊಟ್ಟಿಲ್ಲ” ಎಂಬುದನ್ನು ದಿನಾಂಕಗಳ ಸಮೇತ ಮುಂದಿಡಿ.