ಡಿಕಾಕ್ಷನ್ ಇಳಿಯುವ ಹೊತ್ತಿನಲ್ಲಿ ಏನೇನು ಮಾಡಬಹುದು

ನಮಸ್ಕಾರ ಸರ್. ಈ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಓದಿದೆ. ನಿವೃತ್ತಿಯಾಗಿದೆ, ಮೈಸೂರಿನಲ್ಲಿ ಫ್ಲ್ಯಾಟ್, ಪೂರ್ವದ ಬಾಲ್ಕನಿಗೆ ಬೆಳಿಗ್ಗೆ ಎರಡು ಮೂರು ಗಂಟೆ ಬಿಸಿಲು. ಎದ್ದ ಕೂಡಲೇ ಮೊಬೈಲ್ ಹಿಡಿಯುವುದು ಬಿಟ್ಟು ಮನಸ್ಸಿಗೆ ಹಿತವಾದದ್ದು ಏನಾದರೂ ಬೇಕು ಎಂದಿದ್ದೀರಿ. ಮನೆಯ ಫಿಲ್ಟರ್ ಕಾಫಿ ಯಾಕೆ ನೀರುನೀರಾಗುತ್ತದೆ, ಕುಂಡದಲ್ಲಿ ಕಾಫಿ ಗಿಡ ಬೆಳೆಯುತ್ತದಾ, ಮಗ ಕೇಳಿಸಿದ ಜಾಝ್ ಸಂಗೀತ ಬರೀ ಗಲಾಟೆ ಅನ್ನಿಸಿತು, ಅದನ್ನು ಎಲ್ಲಿಂದ ಶುರು ಮಾಡಬೇಕು. ನೀವು ಕೇಳಿದ್ದು ಇವಿಷ್ಟು, ಅಲ್ವಾ?

ಮೂರನ್ನೂ ಬೇರೆ ಬೇರೆ ಹೊತ್ತಿಗೆ ಹಂಚಬೇಡಿ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಬಾಲ್ಕನಿಯ ಕುಂಡಗಳನ್ನು ನೋಡಿಕೊಳ್ಳಬಹುದು, ಹಿನ್ನೆಲೆಯಲ್ಲಿ ಎರಡು ಟ್ರ್ಯಾಕ್ ಕೇಳಬಹುದು. ಇಲ್ಲಿ ಒಬ್ಬರು ಎಸ್ಪ್ರೆಸೊ ಮೆಷಿನ್ ತಗೊಳ್ಳಿ ಎಂದು ಬರೆದಿದ್ದಾರೆ. ಅದು ಅರ್ಧ ನಿಮಿಷದಲ್ಲಿ ಕಾಫಿ ಇಳಿಸುತ್ತದೆ. ನಿಮಗೆ ಬೇಕಿರುವುದು ಆ ಇಪ್ಪತ್ತು ನಿಮಿಷವೇ. ಹಾಗಾಗಿ ನನ್ನ ಓಟು ಹಳೆಯ ಸ್ಟೀಲ್ ಫಿಲ್ಟರಿಗೆ.

ಮೊದಲು ಕಾಫಿ. ನೀರಾಗಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಫಿಲ್ಟರ್ ದೊಡ್ಡದು, ಪುಡಿ ಕಡಿಮೆ. ನಾಲ್ಕೈದು ಜನರ ಫಿಲ್ಟರಿನಲ್ಲಿ ಇಬ್ಬರಿಗಾಗುವಷ್ಟು ಪುಡಿ ಹಾಕಿದರೆ ಅದು ತಳದಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ, ನೀರು ಸರ್ರನೆ ಇಳಿದುಹೋಗುತ್ತದೆ. ಇಬ್ಬರೇ ಇದ್ದರೆ ಚಿಕ್ಕ ಫಿಲ್ಟರ್ ತನ್ನಿ. ಎರಡನೆಯದು, ಪುಡಿ ತರಿತರಿಯಾಗಿದೆ. ಅಂಗಡಿಯಲ್ಲಿ ಬೀಜ ಹುರಿದು ಪುಡಿ ಮಾಡಿಸುವಾಗ 'ಫಿಲ್ಟರಿಗೆ' ಎಂದು ಬಾಯಿಬಿಟ್ಟು ಹೇಳಿ. ತೀರ ನುಣ್ಣಗೂ ಬೇಡ, ತೂತು ಕಟ್ಟಿಕೊಳ್ಳುತ್ತದೆ.

ಅಳತೆ ಹೀಗಿರಲಿ. ಸುಮಾರು 20 ಗ್ರಾಂ ಪುಡಿ, ಅಂದರೆ ದೊಡ್ಡ ಚಮಚದಲ್ಲಿ ಮೂರು. ನೀರು 130ರಿಂದ 150 ಎಂಎಲ್. ಪುಡಿಯನ್ನು ಸಮ ಮಾಡಿ, ಕೊಡೆಯಂಥ ಬಿಲ್ಲೆಯಿಂದ ಮೆಲ್ಲಗೆ ಒತ್ತಿ. ಗಟ್ಟಿಯಾಗಿ ಅದುಮಿದರೆ ಹನಿಯೇ ಬೀಳುವುದಿಲ್ಲ. ನೀರು ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಡಿ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ, ಮತ್ತರ್ಧ ನಿಮಿಷ ಕಾಯಿರಿ, ಆಮೇಲೆ ಉಳಿದದ್ದನ್ನು ಸುತ್ತಲೂ ನಿಧಾನವಾಗಿ ಸುರಿಯಿರಿ. ಈ ನೆನೆಸುವ ಹೆಜ್ಜೆಯನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ರುಚಿಯ ಅರ್ಧ ವ್ಯತ್ಯಾಸ ಅಲ್ಲೇ ಇದೆ ಎಂಬುದು ನನ್ನ ನಂಬಿಕೆ. ಮುಚ್ಚಳ ಮುಚ್ಚಿ, ಫಿಲ್ಟರನ್ನು ತಟ್ಟುವುದು, ಅಲ್ಲಾಡಿಸುವುದು ಮಾಡದೆ ಬಿಟ್ಟುಬಿಡಿ. ಇಳಿದ ಡಿಕಾಕ್ಷನ್ ಅನ್ನು ಮತ್ತೆ ಕುದಿಸಬೇಡಿ, ಕಹಿಯಾಗುತ್ತದೆ. ಬಿಸಿ ಇರಬೇಕಾದದ್ದು ಹಾಲು.

ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) ಬೇಕಾ ಬೇಡವಾ ಎಂದು ಇಲ್ಲಿ ಜಗಳವೇ ನಡೆದಿದೆ. ಚಿಕೋರಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಡಿಕಾಕ್ಷನ್ ನಿಧಾನವಾಗಿ, ಗಟ್ಟಿಯಾಗಿ, ಕಪ್ಪಗೆ ಇಳಿಯುತ್ತದೆ. ಜಾಸ್ತಿಯಾದರೆ ಕಾಫಿಯ ಪರಿಮಳ ಮುಚ್ಚಿಹೋಗುತ್ತದೆ. ಪ್ಯಾಕೆಟ್ಟಿನ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಶೇಕಡಾವಾರು ಬರೆದಿರಲೇಬೇಕು. ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ. ಕೊಳ್ಳುವಾಗ ಅದನ್ನು ಓದಿ. ನೀವು ಹಾಲು ಹಾಕಿ ಕುಡಿಯುವವರಾದರೆ ಚಿಕೋರಿ ಶೇ. 15ರಿಂದ ಶುರು ಮಾಡಿ, ಬೇಕಾದರೆ ಹೆಚ್ಚಿಸಿಕೊಳ್ಳಿ. ಬೀಜದಲ್ಲಿ ಪ್ಲಾಂಟೇಶನ್-ಎ (ದೊಡ್ಡ ಬೀಜದ ಒಂದು ದರ್ಜೆ) ಮತ್ತು ಪೀಬೆರಿ ಅರ್ಧರ್ಧ ಕೇಳಿ ನೋಡಿ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಒಂದು ಬದಿ ಚಪ್ಪಟೆಯಾದ ಎರಡು ಬೀಜ ಇರುತ್ತವೆ. ಕೆಲವದರಲ್ಲಿ ದುಂಡನೆಯ ಒಂದೇ ಬೀಜ ಬೆಳೆಯುತ್ತದೆ, ಅದೇ ಪೀಬೆರಿ. ಪುಡಿಯನ್ನು ಕಾಲು ಕೇಜಿಗಿಂತ ಜಾಸ್ತಿ ಒಮ್ಮೆಗೆ ತರಬೇಡಿ. ಪುಡಿ ಮಾಡಿದ ಮೇಲೆ ವಾಸನೆ ಬೇಗ ಹೋಗುತ್ತದೆ.

ತೂತುಗಳು ಕಟ್ಟಿಕೊಂಡಿದ್ದರೆ ಸೂಜಿ ಹಾಕಿ ಕೆದಕಬೇಡಿ, ತೂತು ದೊಡ್ಡದಾಗುತ್ತದೆ. ಸ್ಟೀಲ್ ಆದರೆ ಮೇಲಿನ ಭಾಗವನ್ನು ಇಕ್ಕಳದಲ್ಲಿ ಹಿಡಿದು ತಳವನ್ನು ಗ್ಯಾಸ್ ಉರಿಗೆ ಸ್ವಲ್ಪ ಹೊತ್ತು ತೋರಿಸಿ. ಒಳಗಿನ ಪುಡಿ ಸುಟ್ಟು ಉದುರುತ್ತದೆ. ತಣ್ಣಗಾದ ಮೇಲೆ ತೊಳೆಯಿರಿ.

ಈಗ ಗಿಡ. ಕುಂಡದಲ್ಲಿ ಕಾಫಿ ಬೆಳೆಯುತ್ತದೆ. ಅರೇಬಿಕಾ ಎಂಬ ಜಾತಿಯ ಸಸಿಯನ್ನೇ ತನ್ನಿ. ಅದರ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಒಂದೇ ಗಿಡ ಸಾಕು. ಇನ್ನೊಂದು ಜಾತಿಯಾದ ರೊಬಸ್ಟಾಕ್ಕೆ ಪಕ್ಕದಲ್ಲಿ ಬೇರೆ ಗಿಡ ಬೇಕು. ಅರೇಬಿಕಾಕ್ಕೆ ಹಿಡಿಸುವುದು 1000ದಿಂದ 1500 ಮೀಟರ್ ಎತ್ತರ. ಮೈಸೂರು ಅದಕ್ಕಿಂತ ಕೆಳಗಿದೆ, ಬೇಸಿಗೆಯೂ ಜೋರು. ಹಾಗಾಗಿ ನಿಮ್ಮ ಬಾಲ್ಕನಿಯ ಬೆಳಗಿನ ಎಳೆಬಿಸಿಲು ಒಳ್ಳೆಯದು, ಮಧ್ಯಾಹ್ನದ ಬಿಸಿಲು ತಾಗದಂತೆ ನೋಡಿಕೊಳ್ಳಿ. 16 ಇಂಚಿನ ಕುಂಡ, ತಳದಲ್ಲಿ ಚೆನ್ನಾಗಿ ತೂತು. ಕೆಂಪು ಮಣ್ಣು, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಹಳೆಯ ಗೊಬ್ಬರ ಸಮಸಮ. ನೀರು ಹಾಕುವ ಮೊದಲು ಬೆರಳನ್ನು ಒಂದಿಂಚು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ.

ಮೂರು ನಾಲ್ಕು ವರ್ಷಕ್ಕೆ ಹೂ ಬರುತ್ತದೆ. ಅದಕ್ಕಾಗಿಯೇ ಈ ಗಿಡ ಬೆಳೆಸಬೇಕು, ಸರ್! ಕೊಡಗು, ಚಿಕ್ಕಮಗಳೂರಿನ ತೋಟದವರು ಬೇಸಿಗೆಯಲ್ಲಿ ಹೂಮಳೆಗೆ ಕಾಯುತ್ತಾರೆ. ಕೆಲವು ವಾರ ಒಣಗಿದ ಗಿಡಕ್ಕೆ ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ರೆಂಬೆಯ ಗಂಟುಗಂಟಿನಲ್ಲೂ ಬೆಳ್ಳಗೆ ಹೂ ಅರಳುತ್ತದೆ. ಮಲ್ಲಿಗೆಗೆ ಹತ್ತಿರದ ಪರಿಮಳ, ಮೂರು ನಾಲ್ಕು ದಿನ ಇರುತ್ತದೆ. ಕುಂಡದಲ್ಲಿ ಆ ಮಳೆ ನೀವೇ. ಫೆಬ್ರುವರಿಯಲ್ಲಿ ಎಲೆ ಸುಡದಷ್ಟು ಮಾತ್ರ ನೀರು ಕೊಟ್ಟು, ಮಾರ್ಚಿಯಲ್ಲಿ ಒಂದು ಸಂಜೆ ಕುಂಡದ ತಳದಿಂದ ಹರಿಯುವವರೆಗೆ ಹಾಕಿ. ಕಾಯಿ ಹಣ್ಣಾಗಲು ಎಂಟು ಒಂಬತ್ತು ತಿಂಗಳು. ಒಂದು ಕೇಜಿ ಬೀಜಕ್ಕೆ ಸುಮಾರು ಆರು ಕೇಜಿ ಹಣ್ಣು ಬೇಕು. ಆದ್ದರಿಂದ ಕಾಫಿ ಪುಡಿಗೆ ಇದನ್ನು ನಂಬಬೇಡಿ.

ಕಾಫಿ ಚರಟವನ್ನು ದಿನವೂ ಕುಂಡಕ್ಕೆ ಹಾಕುತ್ತೇನೆ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ಹಾಗೆ ಮಾಡಬೇಡಿ. ದಪ್ಪಗೆ ಹಾಕಿದ ಚರಟ ಒಣಗಿ ಹೆಪ್ಪು ಕಟ್ಟುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ. ಎಳೆ ಸಸಿಗಳ ಬೆಳವಣಿಗೆಗೂ ತೊಂದರೆ. ಕಾಂಪೋಸ್ಟ್ ಡಬ್ಬಕ್ಕೆ ಹಾಕಿ, ಒಟ್ಟಿನ ಐದನೇ ಒಂದು ಭಾಗ ಮೀರದಿರಲಿ. ಚರಟದಲ್ಲಿ ಶೇ. 2ರಷ್ಟು ಸಾರಜನಕವಿದೆ, ಕೊಳೆತ ಮೇಲೆ ಗಿಡಕ್ಕೆ ಸಿಗುತ್ತದೆ. ಹಾಲು ಸಕ್ಕರೆ ತಾಗಿದ್ದು ಮಾತ್ರ ಬೇಡ, ಇರುವೆ ಬರುತ್ತದೆ. ಕಾಫಿ ಗಿಡ ದೊಡ್ಡದಾಗುವವರೆಗೆ ಪಕ್ಕದಲ್ಲಿ ದೊಡ್ಡಪತ್ರೆ, ಪುದೀನ ಇಡಿ, ಕಡ್ಡಿ ಚುಚ್ಚಿದರೆ ಸಾಕು.

ಕೊನೆಗೆ ಜಾಝ್. ನೀವು ಕರ್ನಾಟಕ ಸಂಗೀತದ ಕಚೇರಿ ಕೇಳುವವರು ಎಂದಿದ್ದೀರಿ, ಅದು ದೊಡ್ಡ ಅನುಕೂಲ. ನಿಮ್ಮ ಊರಿನದೇ ಒಂದು ದಾರಿಯಿದೆ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್ ನಾದವನ್ನು ಮೊದಲು ಕೇಳಿ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರ ಜೊತೆ ನುಡಿಸಿದರು. ಮೊದಲ ವಾರ ಕದ್ರಿಯವರನ್ನೇ ಕೇಳಿ. ಆಮೇಲೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರ ಜೊತೆ ಮಾಡಿದ 'ಜ್ಯೋತಿ' (1983) ಎಂಬ ಆಲ್ಬಮ್ ಕೇಳಿ. ಅದರಲ್ಲಿ ಆರ್.ಎ. ರಮಾಮಣಿಯವರ ದನಿಯಿದೆ. ಅಪರಿಚಿತ ಅನ್ನಿಸುವುದೇ ಇಲ್ಲ.

ಮೂರನೆಯದಾಗಿ ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಮಾಡಿದ ಆಲ್ಬಮ್ 'ಕೈಂಡ್ ಆಫ್ ಬ್ಲೂ'. ಮೊದಲ ಟ್ರ್ಯಾಕ್ 'ಸೋ ವಾಟ್', ಒಂಬತ್ತು ನಿಮಿಷ. ಅದರ ಸ್ವರಗಳು ನಮ್ಮ ಖರಹರಪ್ರಿಯ ರಾಗದವೇ. ಗಮಕ ಇಲ್ಲ, ರಾಗದ ನಡೆ ಹುಡುಕಬೇಡಿ. ತಂತಿಯ ಬಾಸ್ ಒಂದು ಸಾಲು ನುಡಿಸುತ್ತದೆ, ಉಳಿದವರು ಎರಡೇ ಸ್ವರದಲ್ಲಿ ಓಗೊಡುತ್ತಾರೆ. ನಾಲ್ಕೆಣಿಕೆಯ 32 ಸುತ್ತುಗಳು. 16 ಸುತ್ತು ಒಂದೇ ಕಡೆ, ನಂತರ 8 ಸುತ್ತು ಇಡೀ ಶ್ರುತಿ ಅರ್ಧ ಸ್ವರ ಮೇಲಕ್ಕೆ, ಕೊನೆಯ 8 ಮತ್ತೆ ಮೊದಲಿನ ಜಾಗಕ್ಕೆ. ಒಬ್ಬೊಬ್ಬರೂ ಈ ಚೌಕಟ್ಟಿನೊಳಗೇ ಮನೋಧರ್ಮ ತೋರಿಸುತ್ತಾರೆ. ತೊಡೆ ಮೇಲೆ ತಾಳ ಹಾಕುತ್ತಾ ಆ ಶ್ರುತಿ ಬದಲಾಗುವ ಜಾಗವನ್ನು ಹಿಡಿಯಲು ನೋಡಿ. ಹಿಡಿದ ದಿನ ಗಲಾಟೆ ಅನ್ನಿಸುವುದು ನಿಲ್ಲುತ್ತದೆ.

ಅದೇ ವರ್ಷದ, ಪಿಯಾನೊ ವಾದಕ ಡೇವ್ ಬ್ರೂಬೆಕ್ ತಂಡದ 'ಟೇಕ್ ಫೈವ್' ಐದೆಣಿಕೆಯದು. ನಮ್ಮ ಖಂಡಚಾಪು ತಾಳ 2+3 ಆದರೆ ಇದು 3+2. ಕೈಗೆ ಒಳ್ಳೆಯ ಆಟ.

ಕಾಫಿ ಸಸಿಯನ್ನು ಈಗಲೇ ತರಬೇಡಿ. ಜೂನಿನಲ್ಲಿ ಮಳೆ ಹಿಡಿದ ಮೇಲೆ ತಂದರೆ ಬೇರು ಚೆನ್ನಾಗಿ ಹಿಡಿಯುತ್ತದೆ. ಅಲ್ಲಿಯವರೆಗೆ ಡಿಕಾಕ್ಷನ್ ಎಷ್ಟು ನಿಮಿಷದಲ್ಲಿ ಇಳಿಯುತ್ತಿದೆ ಎಂದು ನೋಡಿ ಇಲ್ಲಿ ಬರೆಯಿರಿ. ಐದಾರು ನಿಮಿಷದಲ್ಲೇ ಇಳಿದರೆ ಪುಡಿ ಇನ್ನೂ ಸಣ್ಣಗಾಗಬೇಕು. ಅರ್ಧ ಗಂಟೆ ಮೀರಿದರೆ ಚಿಕೋರಿ ಕಡಿಮೆ ಮಾಡೋಣ.