ಯಾವ ‘ಬ್ಲಾಕ್’? ನಿಮ್ಮ ಲೇಖನಕ್ಕೆ ನಮ್ಮ ಉತ್ತರ

ನಮಸ್ಕಾರ. ನೀವು ಕಳಿಸಿದ ‘ಹೃದಯದ ಬ್ಲಾಕ್ ಕರಗಿಸುವ ಆಲ್ಕೋಹಾಲ್’ ಲೇಖನವನ್ನು ಎರಡು ಸಲ ಓದಿದೆವು. ಹೃದಯದ ಸ್ನಾಯು ಅತಿಯಾಗಿ ದಪ್ಪಗಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ ಎಂಬ ರೋಗಕ್ಕೆ ಆಲ್ಕೋಹಾಲ್ ಬಿಟ್ಟು ಮಾಡುವ ಚಿಕಿತ್ಸೆ (ಆಲ್ಕೋಹಾಲ್ ಸೆಪ್ಟಲ್ ಅಬ್ಲೇಶನ್) ಅದರ ವಿಷಯ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡಬೇಡಿ. ಮೆಟ್ಟಿಲು ಹತ್ತಿದಾಗ ಬರುವ ಏದುಸಿರು, ಹೊಟ್ಟೆ ತುಂಬ ಉಂಡ ಮೇಲೆ ಹೆಚ್ಚುವ ಎದೆ ಬಿಗಿತ, ನಿಂತಲ್ಲೇ ತಲೆ ಸುತ್ತುವುದು, ಇವನ್ನೆಲ್ಲ ಸರಿಯಾಗಿ ಗುರುತಿಸಿದ್ದೀರಿ.

ತೊಂದರೆ ಶೀರ್ಷಿಕೆಯಿಂದಲೇ ಶುರುವಾಗುತ್ತದೆ. ‘ಬ್ಲಾಕ್’ ಎಂಬ ಒಂದೇ ಪದ ನಿಮ್ಮಲ್ಲಿ ಮೂರು ಅರ್ಥ ಹೊತ್ತಿದೆ. ನಮ್ಮ ಜನಕ್ಕೆ ಬ್ಲಾಕ್ ಅಂದರೆ ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದ್ದು, ಸ್ಟೆಂಟ್ ಹಾಕಿಸಬೇಕಾದ್ದು. ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿಯಲ್ಲಿ ಆ ನಾಳಗಳು ಚೊಕ್ಕವಾಗಿರಬಹುದು. ಅಡ್ಡಿ ಇರುವುದು ಎಡ ಹೃತ್ಕುಕ್ಷಿಯಿಂದ (ಹೃದಯದ ಕೆಳಗಿನ ಎಡ ಕೋಣೆಯಿಂದ) ರಕ್ತ ಹೊರಬೀಳುವ ದಾರಿಯಲ್ಲಿ: ಒಂದು ಕಡೆ ದಪ್ಪಗಾದ ನಡುಗೋಡೆ, ಇನ್ನೊಂದು ಕಡೆ ಅದರತ್ತ ಸೆಳೆತಕ್ಕೆ ಸಿಕ್ಕ, ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಎಸಳು. ಮೂರನೆಯದು, ಚಿಕಿತ್ಸೆಯ ತೊಡಕಾಗಿ ನೀವೇ ಹೇಳುವ ‘ಹಾರ್ಟ್ ಬ್ಲಾಕ್’. ಅದು ವಿದ್ಯುತ್ ಸಂಕೇತ ಕಡಿದುಹೋಗುವುದು. ಈ ಗೊಂದಲ ಅಪಾಯಕಾರಿ. ಮನೆಯವರು ‘ಬ್ಲಾಕ್ ಇದೆ’ ಎಂದು ನಾಲಿಗೆಯಡಿ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ಇಟ್ಟರೆ ರಕ್ತನಾಳಗಳು ಸಡಿಲಗೊಂಡು ಈ ಅಡ್ಡಿ ಇನ್ನಷ್ಟು ಬಿಗಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ.

‘ಕರಗಿಸುವ’ ಎಂಬುದನ್ನೂ ತೆಗೆಯಿರಿ. ಇಲ್ಲಿ ಏನೂ ಕರಗುವುದಿಲ್ಲ. ಆಲ್ಕೋಹಾಲ್ ನಡುಗೋಡೆಯ ಒಂದು ತುಣುಕು ಸ್ನಾಯುವನ್ನು ಸಾಯಿಸುತ್ತದೆ. ಇದು ಬೇಕೆಂದೇ, ಅಳತೆ ಇಟ್ಟು ಮಾಡುವ ಸಣ್ಣ ಹೃದಯಾಘಾತ. ಓದುಗರು ಹೆದರುತ್ತಾರೆಂದು ಈ ಮಾತನ್ನು ಮುಚ್ಚಿಡಬಾರದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಅವರೇ.

‘ಕ್ಯಾಥೆಟರ್ ಮೂಲಕ ಆಲ್ಕೋಹಾಲ್ ಹರಿಸುತ್ತಾರೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಲೇಖನದ ಜೀವ ಇರುವುದೇ ಅಲ್ಲಿ. ಮೊದಲು ಬಲ ಹೃತ್ಕುಕ್ಷಿಗೆ ಬಡಿತ ನಿಲ್ಲದಂತೆ ಕಾಯುವ ತಾತ್ಕಾಲಿಕ ಪೇಸ್‌ಮೇಕರ್ ತಂತಿ. ಒಂದು ಕ್ಯಾಥೆಟರ್ (ರಕ್ತನಾಳದಲ್ಲಿ ತೂರಿಸುವ ತೆಳು ನಳಿಕೆ) ಎಡ ಹೃತ್ಕುಕ್ಷಿಯೊಳಗೆ, ಇನ್ನೊಂದು ಹೃದಯಕ್ಕೇ ರಕ್ತ ಒಯ್ಯುವ ಎಡ ಕರೊನರಿ ನಾಳದ ಬಾಯಲ್ಲಿ. ಈ ಎರಡು ಜಾಗಗಳ ರಕ್ತದ ಒತ್ತಡದ ಅಂತರವನ್ನು, ಅಂದರೆ ಅಡ್ಡಿ ಎಷ್ಟಿದೆ ಎಂಬುದನ್ನು, ಪರದೆಯ ಮೇಲೆ ನೋಡುತ್ತಿರುತ್ತಾರೆ. 0.014 ಇಂಚಿನ ತಂತಿ, ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಎಲ್‌ಎಡಿ ನಾಳದಿಂದ ನಡುಗೋಡೆಗೆ ಇಳಿಯುವ ಸೆಪ್ಟಲ್ ಕವಲನ್ನು, ಸಾಮಾನ್ಯವಾಗಿ ಮೊದಲನೆಯದನ್ನು, ಹೊಗುತ್ತದೆ. ಅದರ ಮೇಲೆ ಗಿಡ್ಡ ಬಲೂನು. ನೀವು ಬರೆದಂತೆ ಬಲೂನು ‘ನಾಳ ಹಿಗ್ಗಿಸಲು’ ಅಲ್ಲ, ಅದು ಬಿರಡೆ. ಕವಲಿಗಿಂತ ತುಸು ದೊಡ್ಡದನ್ನೇ ಆರಿಸುತ್ತಾರೆ. ಉಬ್ಬಿಸಿದ ಮೇಲೆ ತಂತಿ ತೆಗೆದು, ತಂತಿಯಿದ್ದ ಅದೇ ರಂಧ್ರದಿಂದ ಕಾಂಟ್ರಾಸ್ಟ್ (ಪರದೆಯ ಮೇಲೆ ಕಾಣುವ ದ್ರವ) ಬಿಟ್ಟು, ಎಲ್‌ಎಡಿಗೆ ಹಿಂದೆ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಸೋರಿದರೆ ಹೃದಯದ ಮುಂಭಾಗವೇ ಹೋಗಬಹುದು.

ಆಮೇಲಿನ ಹೆಜ್ಜೆ ನಿಮ್ಮಲ್ಲಿ ಇಲ್ಲವೇ ಇಲ್ಲ: ಎಕೋ (ಹೃದಯದ ಅಲ್ಟ್ರಾಸೌಂಡ್) ನೋಡುತ್ತ ಅದೇ ಕವಲಿಗೆ ಕಾಂಟ್ರಾಸ್ಟ್ ಬಿಡುವುದು. ಮೈಟ್ರಲ್ ಎಸಳು ಬಂದು ತಾಗುವ ಜಾಗ ಮಾತ್ರ ಬೆಳಗಬೇಕು. ಕವಾಟವನ್ನು ಹಿಡಿದಿರುವ ಪ್ಯಾಪಿಲರಿ ಸ್ನಾಯುವೋ ಬಲ ಹೃತ್ಕುಕ್ಷಿಯ ಗೋಡೆಯೋ ಬೆಳಗಿದರೆ ಆ ಕವಲು ಬೇಡ. ಎಲ್ಲ ಸರಿಯಿದ್ದರೆ, ನೋವಿಗೆ ಔಷಧ ಕೊಟ್ಟು, 1ರಿಂದ 3 ಮಿ.ಲೀ. ಶುದ್ಧ ಆಲ್ಕೋಹಾಲ್, ನಿಮಿಷಕ್ಕೆ ಸುಮಾರು 1 ಮಿ.ಲೀ.ನಂತೆ ನಿಧಾನವಾಗಿ. ಬಲೂನನ್ನು ಇನ್ನೂ 5ರಿಂದ 10 ನಿಮಿಷ ಹಾಗೇ ಬಿಡಬೇಕು.

‘ಅಡ್ಡಪರಿಣಾಮ ಕಡಿಮೆ’ ಎಂಬ ನಿಮ್ಮ ಸಾಲು ಓದುಗರಿಗೆ ಏನನ್ನೂ ತಿಳಿಸುವುದಿಲ್ಲ. ಹೃದಯದ ವಿದ್ಯುತ್ ದಾರಿಯ ಬಲ ಕವಲು ಇದೇ ಗೋಡೆಯಲ್ಲಿ ಹಾದುಹೋಗುತ್ತದೆ. ಅನೇಕರಲ್ಲಿ ಅದು ಕೆಡುತ್ತದೆ. ಮೊದಲೇ ಇಸಿಜಿಯಲ್ಲಿ ಎಡ ಕವಲು ಕೆಟ್ಟಿದ್ದವರಿಗೆ ಆಗ ಎರಡೂ ಹೋದಂತೆ, ಅದೇ ಹಾರ್ಟ್ ಬ್ಲಾಕ್. ಸುಮಾರು 10 ಜನರಲ್ಲಿ ಒಬ್ಬರಿಗೆ ಶಾಶ್ವತ ಪೇಸ್‌ಮೇಕರ್ ಬೇಕಾಗುತ್ತದೆ. ತಾತ್ಕಾಲಿಕ ತಂತಿಯನ್ನು 24ರಿಂದ 48 ಗಂಟೆ ಉಳಿಸುವುದು ಇದಕ್ಕೇ. ನಡುಗೋಡೆ ಅಷ್ಟು ದಪ್ಪವಿಲ್ಲದಿದ್ದರೆ, ಅಂದರೆ 16 ಮಿ.ಮೀ.ಗಿಂತ ಕಡಿಮೆಯಿದ್ದರೆ, ತೂತು ಬೀಳುವ ಭಯ.

‘ಟೇಬಲ್ ಮೇಲೇ ಗುಣ’ ಎಂಬುದು ಅರ್ಧ ಸತ್ಯ. ಒತ್ತಡದ ಅಂತರ ಅಲ್ಲೇ ಇಳಿಯುವುದು ನಿಜ, ಆದರೆ ಅದರಲ್ಲಿ ಸ್ನಾಯು ತಾತ್ಕಾಲಿಕವಾಗಿ ಮಂಕಾದ ಪಾಲೂ ಇದೆ. ಕೆಲವು ದಿನಗಳಲ್ಲಿ ಮತ್ತೆ ಏರಬಹುದು; ಗಾಯ ಒಣಗಿ ಗೋಡೆ ತೆಳುವಾಗುತ್ತ 3ರಿಂದ 6 ತಿಂಗಳಲ್ಲಿ ನಿಜವಾದ ಫಲ ತಿಳಿಯುತ್ತದೆ. ವಾರದೊಳಗಿನ ಎಕೋ ನೋಡಿ ‘ಫೇಲ್ ಆಯಿತು’ ಎಂದು ಕಂಗೆಡುವ ಕುಟುಂಬಕ್ಕೆ ಈ ಒಂದು ವಾಕ್ಯ ಎಷ್ಟು ಆಸರೆ, ಯೋಚಿಸಿ.

‘ಇನ್ನು ಆಪರೇಷನ್ ಬೇಡ’ ಎಂಬ ಉಪಶೀರ್ಷಿಕೆಯನ್ನು ನಾವು ಯಾವ ಕಾರಣಕ್ಕೂ ಹಾಕುವುದಿಲ್ಲ. ಎಳೆಯ ವಯಸ್ಸಿನವರಿಗೆ, ಕವಾಟದಲ್ಲೇ ದೋಷ ಇರುವವರಿಗೆ, ಬೈಪಾಸ್ ಕೂಡ ಬೇಕಾದವರಿಗೆ ಎದೆ ತೆರೆದು ಸ್ನಾಯು ಕೊರೆದು ತೆಗೆಯುವ ಮಯೆಕ್ಟಮಿಯೇ ಮೇಲು. ಎರಡಕ್ಕೂ ಮೊದಲು ಮಾತ್ರೆಗಳಿವೆ: ಬೀಟಾ ಬ್ಲಾಕರ್, ವೆರಾಪಮಿಲ್, ಡೈಸೊಪಿರಮೈಡ್, 2022ರಲ್ಲಿ ಅಮೆರಿಕ ಒಪ್ಪಿದ ಮಾವಕಾಮ್ಟೆನ್ ಕೂಡ. ಮಾತ್ರೆ ನುಂಗಿಯೂ ಕಷ್ಟ ತಗ್ಗದೆ, ವಿಶ್ರಾಂತಿಯಲ್ಲೋ ಶ್ರಮದಲ್ಲೋ ಒತ್ತಡದ ಅಂತರ 50 ಮಿ.ಮೀ. ಪಾದರಸ ಮುಟ್ಟಿದಾಗ ಮಾತ್ರ ಕ್ಯಾಥ್‌ಲ್ಯಾಬಿನ ಮಾತು. ಹಠಾತ್ ಸಾವಿನ ಅಪಾಯವಿದ್ದವರಿಗೆ ಐಸಿಡಿ (ಹದಗೆಟ್ಟ ಬಡಿತವನ್ನು ಷಾಕ್ ಕೊಟ್ಟು ಸರಿಪಡಿಸುವ, ದೇಹದೊಳಗೆ ಇಡುವ ಸಾಧನ) ಬೇಕೇ ಎಂಬುದು ಬೇರೆಯೇ ಲೆಕ್ಕ. ಈ ರೋಗ ವಂಶದಲ್ಲಿ ಹರಿಯುವುದರಿಂದ ರೋಗಿಯ ಮಕ್ಕಳಿಗೂ ಒಡಹುಟ್ಟಿದವರಿಗೂ ಎಕೋ ಮಾಡಿಸಬೇಕೆಂಬುದನ್ನು ನೀವು ಮರೆತಿದ್ದೀರಿ.

ಸಣ್ಣದೊಂದು: ಇದು ‘ಇತ್ತೀಚಿನ ಆವಿಷ್ಕಾರ’ ಅಲ್ಲ. ಹೃದಯತಜ್ಞ ಉಲ್ರಿಚ್ ಸಿಗ್ವಾರ್ಟ್ ಲಂಡನ್ನಿನಲ್ಲಿ ಇದನ್ನು ಮೊದಲು ಮಾಡಿದ್ದು 1994ರಲ್ಲಿ.

ಎರಡನೆಯ ಕರಡಿನ ಜೊತೆ ಪೆನ್ಸಿಲ್ಲಿನಲ್ಲಿ ಬರೆದ ಚಿತ್ರವೊಂದನ್ನು ಕಳಿಸಿ. ನಡುಗೋಡೆ, ಮೈಟ್ರಲ್ ಎಸಳು, ಸೆಪ್ಟಲ್ ಕವಲು, ಅದರ ಬಾಯಲ್ಲಿ ಬಲೂನು, ಇಷ್ಟು ಕಂಡರೆ ಸಾಕು. ಉಳಿದದ್ದನ್ನು ನಮ್ಮ ಚಿತ್ರಕಾರರು ತಿದ್ದಿಕೊಳ್ಳುತ್ತಾರೆ.